ಐದು ಪ್ರತಿ, ಒಂದೇ ಸಾಕ್ಷಿ

ಗ್ರಂಥಸಂಪಾದನೆ ಕಲಿಯುವವರಿಗೆ ಮೊದಲು ಹೇಳಿಕೊಡುವ ಎಚ್ಚರವೊಂದಿದೆ: ಪ್ರತಿಗಳನ್ನು ಎಣಿಸಬೇಡಿ, ತೂಗಿ ನೋಡಿ. ಒಂದು ಕಾವ್ಯದ ಆರು ಓಲೆಪ್ರತಿಗಳು ಸಿಕ್ಕಿವೆ ಎಂದುಕೊಳ್ಳಿ. ಒಂದು ಪದ್ಯದ ಒಂದು ಜಾಗದಲ್ಲಿ ಐದು ಪ್ರತಿಗಳು ಒಂದು ಪದವನ್ನು ಕೊಡುತ್ತವೆ, ಆರನೆಯದು ಬೇರೊಂದನ್ನು ಕೊಡುತ್ತದೆ. ಬಹುಮತ ಐದರ ಕಡೆಗಿದೆ ಎಂದು ಆರನೆಯದನ್ನು ಅಡಿಟಿಪ್ಪಣಿಗೆ ತಳ್ಳುವುದು ಸುಲಭ. ಆದರೆ ಆ ಐದೂ ಒಂದೇ ಮಾತೃಕೆಯನ್ನು ಮುಂದಿಟ್ಟುಕೊಂಡು ಮಾಡಿದ ನಕಲುಗಳಾಗಿದ್ದರೆ, ಒಬ್ಬನೇ ಸಾಕ್ಷಿಯನ್ನು ಐದು ಸಲ ಕೇಳಿದಂತಾಯಿತು ಅಷ್ಟೆ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥ ಸಂಪಾದನೆ'ಯನ್ನೋ ಎಂ.ಎಂ. ಕಲಬುರ್ಗಿಯವರ 'ಕನ್ನಡ ಗ್ರಂಥಸಂಪಾದನ ಶಾಸ್ತ್ರ'ವನ್ನೋ ಓದಿದವರಿಗೆ ಇದು ಹೊಸ ಮಾತಲ್ಲ. ಪ್ರತಿಗಳ ವಂಶವೃಕ್ಷ ಬರೆಯದೆ ಪಾಠ ನಿರ್ಣಯಿಸಲು ಹೊರಡುವುದು ಅಪಾಯ.

ಈ ಎಚ್ಚರ ಓಲೆಗರಿಗಳಿಗಷ್ಟೇ ಬೇಕಾದದ್ದಲ್ಲ ಎಂದು ನನಗೆ ಅನ್ನಿಸಿದ್ದು ಒಂದು ಅನಿರೀಕ್ಷಿತ ಜಾಗದಲ್ಲಿ. ಜೋಡಿ ನಕ್ಷತ್ರಗಳ ಬಾಳನ್ನು ಹುಟ್ಟಿನಿಂದ ಕೊನೆಯವರೆಗೆ ಲೆಕ್ಕಹಾಕಿ ತೋರಿಸುವ ಕೆಲವು ಮುಕ್ತ ತಂತ್ರಾಂಶಗಳಿವೆ. ಅವುಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹಸ್ತಪ್ರತಿಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಅವುಗಳನ್ನು ಓಡಿಸಿ ಸಂಶೋಧನೆ ಮಾಡುವವರ ಪೈಕಿ ಅಲ್ಲ. ಆದರೆ ಓದಲು ಕೂತರೆ ಅವು ಬೇಗನೆ ಪರಿಚಿತವಾಗುತ್ತವೆ. ಅಲ್ಲಿಯೂ ಒಂದು ಮಾತೃಕೆ ಇದೆ, ನಕಲುಗಳಿವೆ, ಪಾಠಾಂತರಗಳಿವೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸದೆ ಉಳಿಸಿಕೊಂಡ ಜಾಗಗಳೂ ಇವೆ. ಇವುಗಳ ಮೇಲೆ ನಿಂತಿರುವ ತೀರ್ಮಾನಗಳಾದರೋ ಸಣ್ಣವಲ್ಲ. ಕಪ್ಪುಕುಳಿಗಳು ಹೇಗೆ ಜೊತೆಯಾಗುತ್ತವೆ, ವಿಶ್ವದಲ್ಲಿ ಅವು ಎಷ್ಟು ಸಲ ಡಿಕ್ಕಿಯಾಗುತ್ತವೆ ಎಂಬ ಪ್ರಶ್ನೆಗಳಿಗೆ ಸಿಕ್ಕಿರುವ ಉತ್ತರಗಳಲ್ಲಿ ಬಹುಪಾಲು ಈ ಪಠ್ಯಗಳಿಂದಲೇ ಬಂದವು. ಹಾಗಾಗಿ ಇವುಗಳನ್ನು ಪಠ್ಯಗಳೆಂದೇ ಹಿಡಿದು ವಿಮರ್ಶಿಸುವ ಪ್ರಯತ್ನ ಇದು.

ಮೊದಲು ವಸ್ತುವಿನ ಬಗ್ಗೆ ಒಂದಿಷ್ಟು. ನಮ್ಮ ಸೂರ್ಯ ಒಂಟಿ. ಭಾರಿ ನಕ್ಷತ್ರಗಳ ಪ್ರಪಂಚದಲ್ಲಿ ಮಾತ್ರ ಒಂಟಿ ಬಾಳು ಅಪರೂಪ. ಯೂಗ್ ಸಾನಾ ಮತ್ತು ಸಂಗಡಿಗರು 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿ ಭಾರದ ನಕ್ಷತ್ರಗಳಲ್ಲಿ ಶೇ 70ಕ್ಕೂ ಹೆಚ್ಚಿನವು ತಮ್ಮ ಬಾಳಿನಲ್ಲಿ ಎಂದಾದರೂ ಜೊತೆಗಾರ ನಕ್ಷತ್ರದೊಂದಿಗೆ ದ್ರವ್ಯವನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಈ ಕೊಡುಕೊಳುವಿಕೆಯೇ ಜೋಡಿ ನಕ್ಷತ್ರಗಳ ಕಥೆಯ ತಿರುಳು.

ಇದಕ್ಕೆ ಹಳೆಯ ಉದಾಹರಣೆ ಪಾರ್ಥ ನಕ್ಷತ್ರಪುಂಜದ ಆಲ್ಗಾಲ್. ಸುಮಾರು 2 ದಿನ 21 ಗಂಟೆಗೊಮ್ಮೆ ಅದರ ಬೆಳಕು ಕುಂದಿ ಮತ್ತೆ ಏರುತ್ತದೆ. 1783ರಲ್ಲಿ ಇಂಗ್ಲೆಂಡಿನ ಜಾನ್ ಗುಡ್‌ರಿಕ್ ಎಂಬ ಹದಿನೆಂಟರ ತರುಣ, ಕಿವಿ ಕೇಳದವನು, ಯಾವುದೋ ಮಸುಕು ಕಾಯ ಅದರ ಎದುರು ಹಾದುಹೋಗುತ್ತಿರಬಹುದೆಂದು ಸೂಚಿಸಿದ. ಅವನ ಊಹೆ ನಿಜವಾಯಿತು. ಆದರೆ 20ನೇ ಶತಮಾನದಲ್ಲಿ ಎರಡೂ ನಕ್ಷತ್ರಗಳ ತೂಕ ಗೊತ್ತಾದಾಗ ಹೊಸ ತೊಡಕು ಕಾಣಿಸಿತು. ಹೆಚ್ಚು ಭಾರದ ನಕ್ಷತ್ರ ತನ್ನ ಇಂಧನವನ್ನು ಬೇಗ ಮುಗಿಸಿ ಬೇಗ ಮುಪ್ಪಾಗಬೇಕು ಎಂಬುದು ನಿಯಮ. ಆಲ್ಗಾಲ್‌ನಲ್ಲಿ ಸೂರ್ಯನ ಮೂರು ಪಟ್ಟಿಗಿಂತ ಭಾರವಾಗಿರುವುದು ಇನ್ನೂ ಹರೆಯದಲ್ಲಿದೆ; ಸೂರ್ಯನಿಗಿಂತ ಹಗುರವಾದದ್ದು ಆಗಲೇ ಉಬ್ಬಿ ಮುಪ್ಪಿನ ಕಡೆ ನಡೆದಿದೆ. ಇದನ್ನು ಬಿಡಿಸಿದ ವಿವರಣೆ ಸರಳ. ಈಗ ಹಗುರವಾಗಿರುವುದೇ ಹಿಂದೆ ಭಾರವಾಗಿತ್ತು. ಮುಪ್ಪಿನಲ್ಲಿ ಉಬ್ಬಿದಾಗ ತನ್ನ ಹೊರಪದರವನ್ನು ಜೊತೆಗಾರನಿಗೆ ಸುರಿಯಿತು. ಹಿರಿಯನ ಆಸ್ತಿ ಕಿರಿಯನ ಪಾಲಾಯಿತು.

ಇಂಥ ಕಥೆಯನ್ನು ಕಣ್ಣಾರೆ ನೋಡಿದವರಿಲ್ಲ, ನೋಡುವುದು ಸಾಧ್ಯವೂ ಇಲ್ಲ. ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷಗಳ ಘಟನೆಯ ಒಂದೊಂದು ಗಳಿಗೆ ಮಾತ್ರ ನಮಗೆ ಆಕಾಶದಲ್ಲಿ ಸಿಗುತ್ತದೆ. ಉಳಿದದ್ದನ್ನು ಲೆಕ್ಕದಿಂದ ತುಂಬಬೇಕು. ಜರ್ಮನಿಯ ಕಿಪ್ಪೆನ್‌ಹಾನ್ ಮತ್ತು ವೈಗರ್ಟ್ 1960ರ ದಶಕದಲ್ಲೇ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಕೈಹಾಕಿದ್ದರು. ನಕ್ಷತ್ರವನ್ನು ಈರುಳ್ಳಿಯಂತೆ ಪದರಪದರವಾಗಿ ಬಿಡಿಸಿ, ಪ್ರತಿ ಪದರದ ಒತ್ತಡ, ಉಷ್ಣತೆ, ದ್ರವ್ಯ, ಶಕ್ತಿಯ ಹರಿವನ್ನು ಹೆಜ್ಜೆಹೆಜ್ಜೆಗೆ ಬಿಡಿಸುವುದು ಪೂರ್ಣ ದಾರಿ. ಇದಕ್ಕೆ ಒಂದು ಜೋಡಿಗೇ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಕಪ್ಪುಕುಳಿಗಳ ಡಿಕ್ಕಿಯಂಥ ಅಪರೂಪದ ಅಂತ್ಯ ಎಷ್ಟು ಜೋಡಿಗಳಿಗೆ ಬರುತ್ತದೆಂದು ತಿಳಿಯಲು ಲಕ್ಷಾಂತರ ಜೋಡಿಗಳನ್ನು ಓಡಿಸಿ ನೋಡಬೇಕು. ಅದಕ್ಕಾಗಿ ಹುಟ್ಟಿಕೊಂಡದ್ದು ಎರಡನೆಯ, ಅಡ್ಡದಾರಿಯ ಪಠ್ಯ.

ಆ ಪಠ್ಯದ ಹೆಸರು ಬಿಎಸ್‌ಇ. ಜ್ಯಾರಡ್ ಹರ್ಲಿ, ಓನ್ನೊ ಪೋಲ್ಸ್, ಕ್ರಿಸ್ಟೋಫರ್ ಟೌಟ್ ಸೇರಿ 2000ದಲ್ಲಿ ಒಂಟಿ ನಕ್ಷತ್ರಗಳಿಗೆ, 2002ರಲ್ಲಿ ಜೋಡಿ ನಕ್ಷತ್ರಗಳಿಗೆ ಇದನ್ನು ಪ್ರಕಟಿಸಿದರು. ಭಾಷೆ ಫೋರ್‌ಟ್ರಾನ್. ಮೊದಲು ಪೀಟರ್ ಎಗಲ್‌ಟನ್ ಅವರ ಹಳೆಯ ಪೂರ್ಣ ಪ್ರೋಗ್ರಾಮಿನಿಂದ ಬೇರೆಬೇರೆ ತೂಕದ, ಬೇರೆಬೇರೆ ಲೋಹಾಂಶದ ನಕ್ಷತ್ರಗಳ ಬಾಳನ್ನು ಲೆಕ್ಕಹಾಕಲಾಗಿತ್ತು. ಪೋಲ್ಸ್ ಮತ್ತು ಸಂಗಡಿಗರು ಅದನ್ನು 1998ರಲ್ಲಿ ಪ್ರಕಟಿಸಿದ್ದರು. ಆ ಫಲಿತಾಂಶಗಳಿಗೆ ಹೊಂದುವಂತೆ ಹರ್ಲಿ ಮತ್ತು ಜೊತೆಗಾರರು ಬೀಜಗಣಿತದ ಸೂತ್ರಗಳನ್ನು ಹೆಣೆದರು. ಸೂತ್ರಕ್ಕೆ ನಕ್ಷತ್ರದ ತೂಕ, ಲೋಹಾಂಶ, ವಯಸ್ಸು ಕೊಟ್ಟರೆ ಅದರ ಗಾತ್ರವೂ ಹೊಳಪೂ ಥಟ್ಟನೆ ಸಿಗುತ್ತವೆ. ಮೂಲ ಲೆಕ್ಕಕ್ಕೂ ಸೂತ್ರಕ್ಕೂ ಇರುವ ವ್ಯತ್ಯಾಸ ಶೇ 5ರೊಳಗೆ ಎಂದು ಅವರು ತೋರಿಸಿದರು. ಒಂದು ಜೋಡಿಯ ಇಡೀ ಬಾಳು ಸೆಕೆಂಡಿನ ಒಂದು ಭಾಗದಲ್ಲಿ ಮುಗಿಯುತ್ತದೆ.

ಇದನ್ನು ಅಡ್ಡದಾರಿ ಎಂದೆ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಲಾಕ್ಷಣಿಕನೊಬ್ಬ ವಿಸ್ತಾರವಾದ ಶಾಸ್ತ್ರವನ್ನು ಸೂತ್ರಗಳಿಗೆ ಇಳಿಸುವಾಗ ಎಷ್ಟು ಸಂಯಮ ಬೇಕೋ ಅಷ್ಟು ಸಂಯಮ ಇದರಲ್ಲಿದೆ. ಜೊತೆಗಿರುವ ಲೇಖನ ಪ್ರತಿ ಸೂತ್ರವನ್ನೂ ಅದರ ಗುಣಾಂಕಗಳೊಂದಿಗೆ ಮುಚ್ಚಿಡದೆ ಕೊಡುತ್ತದೆ. ಕೋಡಿನ ಜೊತೆ ಬರುವ ಪಟ್ಟಿಯಲ್ಲಿ ಬಳಕೆದಾರ ತುಂಬಬೇಕಾದ ಪ್ರತಿ ಸಂಖ್ಯೆಗೂ ಹೆಸರಿದೆ, ಅದು ಏನೆಂದು ಒಂದು ಸಾಲಿನ ಟಿಪ್ಪಣಿ ಇದೆ, ಸಾಮಾನ್ಯವಾಗಿ ಏನು ಬೆಲೆ ಕೊಡಬೇಕೆಂಬ ಸೂಚನೆ ಇದೆ. ಈ ತೆರೆದ ಸ್ವಭಾವದಿಂದಲೇ ಇದು ಬಾಳಿತು, ಮತ್ತು ಈ ತೆರೆದ ಸ್ವಭಾವದಿಂದಲೇ ಇದು ನಕಲಾಯಿತು.

ಅದರ ವಂಶಾವಳಿ ಉದ್ದವಿದೆ. ರಾಬರ್ಟ್ ಇಜಾರ್ಡ್ ಬಿಎಸ್‌ಇಯನ್ನು ಸಿ ಭಾಷೆಯ ಕಡೆಗೆ ಒಯ್ದು, ನಕ್ಷತ್ರಗಳೊಳಗೆ ಧಾತುಗಳು ತಯಾರಾಗುವ ಲೆಕ್ಕವನ್ನು ಸೇರಿಸಿ 'ಬೈನರಿ-ಸಿ' ಬೆಳೆಸಿದರು. ನಿಕೋಲಾ ಜಾಕೊಬ್ಬೊ, ಮಿಕೇಲಾ ಮಾಪೆಲ್ಲಿ ಮತ್ತು ಜೊತೆಗಾರರು ಭಾರಿ ನಕ್ಷತ್ರಗಳ ಗಾಳಿಯನ್ನೂ ಸೂಪರ್‌ನೋವಾ ಭಾಗವನ್ನೂ ಹೊಸದಾಗಿ ಬರೆದು 'ಮೊಬ್‌ಸೆ' ಮಾಡಿದರು. ಕೇಟಲಿನ್ ಬ್ರೈವಿಕ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ 'ಕಾಸ್ಮಿಕ್' ಒಳಗೆ ಬಿಎಸ್‌ಇ, ಹೊರಗೆ ಪೈಥಾನ್. ಇಲ್ಯಾ ಮ್ಯಾಂಡೆಲ್ ಅವರ ಗುಂಪಿನ 'ಕಾಂಪಾಸ್' ಅನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದರು. ಅದರಲ್ಲಿಯೂ ನಕ್ಷತ್ರಗಳು ಬೆಳೆಯುವುದು ಹರ್ಲಿಯ ಸೂತ್ರಗಳಿಂದಲೇ. ಕ್ರಿಸ್ ಬೆಲ್ಚಿನ್ಸ್ಕಿಯವರ 'ಸ್ಟಾರ್‌ಟ್ರ್ಯಾಕ್' ಆ ಸೂತ್ರಗಳನ್ನೇ ತಿದ್ದಿ ಬಳಸುತ್ತದೆ. ಬಿಎಸ್‌ಇಗಿಂತ ಮೊದಲೇ ಹುಟ್ಟಿದ 'ಸೆಬಾ' ಕೂಡ ನಂತರ ಇವೇ ಸೂತ್ರಗಳನ್ನು ತನ್ನೊಳಗೆ ತಂದುಕೊಂಡಿತು. ಬೇರೆ ದೇಶ, ಬೇರೆ ಭಾಷೆ, ಬೇರೆ ಗುಂಪು. ಹೊಟ್ಟೆಯೊಳಗೆ ಮಾತ್ರ ಒಂದೇ ಮಾತೃಕೆ.

ವಂಶವೃಕ್ಷ ಬರೆದುಕೊಂಡ ಮೇಲೆ ಪಠ್ಯವನ್ನು ಓದುವ ರೀತಿ ಬದಲಾಗುತ್ತದೆ. ಮೂರು ಜಾಗಗಳನ್ನು ನೋಡೋಣ.

ಮೊದಲನೆಯದು ಮಾತೃಕೆ ಎಲ್ಲಿ ಮುಗಿಯುತ್ತದೆ ಎಂಬುದು. ಪೋಲ್ಸ್ ಮತ್ತು ಸಂಗಡಿಗರು ನಿಜವಾಗಿ ಲೆಕ್ಕಹಾಕಿದ್ದು ಸೂರ್ಯನ ಅರ್ಧದಷ್ಟು ತೂಕದಿಂದ 50 ಪಟ್ಟಿನವರೆಗಿನ ನಕ್ಷತ್ರಗಳನ್ನು. ಹರ್ಲಿಯ ಸೂತ್ರಗಳು 100 ಪಟ್ಟಿನವರೆಗೂ ಎಳೆಯಬಹುದಾದಷ್ಟು ಸೌಮ್ಯವಾಗಿ ವರ್ತಿಸುತ್ತವೆ. ಆದರೆ 50ರ ಆಚೆ ಇರುವುದು ಲೆಕ್ಕವಲ್ಲ, ಗೆರೆಯ ಮುಂದುವರಿಕೆ. 2002ರಲ್ಲಿ ಇದು ಯಾರನ್ನೂ ಕಾಡಬೇಕಾಗಿರಲಿಲ್ಲ, ಅಷ್ಟು ಭಾರದ ನಕ್ಷತ್ರಗಳು ತೀರ ಅಪರೂಪ. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳು ಮೊದಲ ಸಲ ಗುರುತ್ವ ಅಲೆಯನ್ನು ಹಿಡಿದಾಗ ಪರಿಸ್ಥಿತಿ ಬದಲಾಯಿತು. ಡಿಕ್ಕಿಯಾದ ಎರಡು ಕಪ್ಪುಕುಳಿಗಳು ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಗುತ್ತಿದ್ದವು. ಅವುಗಳ ತಾಯಿ ನಕ್ಷತ್ರಗಳು ಇನ್ನೂ ಎಷ್ಟೋ ಭಾರವಾಗಿದ್ದಿರಬೇಕು. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ, ಸ್ಟಾರ್‌ಟ್ರ್ಯಾಕ್ ಬಳಸಿದ ಪ್ರಸಿದ್ಧ ಲೇಖನ ಆ ತಾಯಿ ನಕ್ಷತ್ರಗಳನ್ನು 40ರಿಂದ 100 ಪಟ್ಟಿನ ವ್ಯಾಪ್ತಿಯಲ್ಲಿ ಇಟ್ಟಿತು. ಎಂದರೆ ಈ ಕ್ಷೇತ್ರದ ಅತಿ ದೊಡ್ಡ ಪ್ರಶ್ನೆ ಬಂದು ನಿಂತದ್ದು ಮಾತೃಕೆಯ ಗರಿಗಳು ಮುಗಿದು, ಪ್ರತಿಕಾರ ತನ್ನ ಊಹೆಯಿಂದ ತುಂಬಿದ ಜಾಗಕ್ಕೆ ಹತ್ತಿರದಲ್ಲಿ. ಅಲ್ಲಿ ಎಲ್ಲ ನಕಲುಗಳೂ ಒಂದೇ ಮಾತು ಹೇಳಿದರೆ ಅದಕ್ಕೆ ಎಷ್ಟು ತೂಕ ಕೊಡಬೇಕು?

ಎರಡನೆಯದು ಒಂದು ಸಂಖ್ಯೆಯ ಕಥೆ. ಭಾರಿ ನಕ್ಷತ್ರ ಸಿಡಿದು ನ್ಯೂಟ್ರಾನ್ ನಕ್ಷತ್ರವಾಗುವಾಗ ಸಿಡಿತ ಎಲ್ಲ ದಿಕ್ಕಿಗೂ ಸಮನಾಗಿರುವುದಿಲ್ಲ. ಹುಟ್ಟಿದ ಕೂಸಿಗೆ ಒಂದು ಒದೆತ ಬೀಳುತ್ತದೆ. ಒದೆತ ಜೋರಾದರೆ ಜೋಡಿ ಮುರಿಯುತ್ತದೆ, ಸಣ್ಣದಾದರೆ ಉಳಿಯುತ್ತದೆ. ಒದೆತದ ವೇಗಗಳ ಹರವನ್ನು ಹೇಳುವ ಸಂಖ್ಯೆಗೆ ಕೋಡಿನಲ್ಲಿ ಸಿಗ್ಮಾ ಎಂದು ಹೆಸರು. ಬಿಎಸ್‌ಇ ಪಟ್ಟಿಯಲ್ಲಿ ಅದರ ಬೆಲೆ ಸೆಕೆಂಡಿಗೆ 190 ಕಿಲೋಮೀಟರ್. ಇದು 1997ರ ಹ್ಯಾನ್ಸನ್ ಮತ್ತು ಫಿನ್ನಿ ಅವರ ಅಧ್ಯಯನದ ಪಾಠ. 2005ರಲ್ಲಿ ಜಾರ್ಜ್ ಹಾಬ್ಸ್ ಮತ್ತು ಸಂಗಡಿಗರು 233 ಪಲ್ಸಾರ್‌ಗಳ ಚಲನೆಯನ್ನು ಪರಿಶೀಲಿಸಿ 265 ಎಂದರು. ಆ ಮೇಲಿನ ನಕಲುಗಳಲ್ಲಿ 190 ಮರೆಯಾಗಿ 265 ನೆಲೆಯೂರಿತು. ಪಾಠಾಂತರ ಹುಟ್ಟುವುದು, ಬೇರೂರುವುದು ಹೀಗೆಯೇ. ಎರಡು ದಶಕ ಅದು ಎಷ್ಟು ಲೇಖನಗಳಲ್ಲಿ ಡಿಫಾಲ್ಟ್ ಆಗಿ ಕೂತಿತೆಂದರೆ, ಅದನ್ನು ಬಳಸುವವರು ಕಾರಣ ಕೊಡಬೇಕಾಗಿಯೇ ಇರಲಿಲ್ಲ. ಬಳಸದವರು ಮಾತ್ರ ಕಾರಣ ಕೊಡಬೇಕಿತ್ತು. 2025ರಲ್ಲಿ ಪಾಲ್ ಡಿಸ್‌ಬರ್ಗ್ ಮತ್ತು ಇಲ್ಯಾ ಮ್ಯಾಂಡೆಲ್ ಒಂದು ಲೇಖನದಲ್ಲಿ ಆ 265ರ ಬುಡವನ್ನೇ ಅಗೆದರು. ವೇಗಗಳನ್ನು ಲಾಗರಿದಮ್ ಅಳತೆಯ ಮನೆಗಳಲ್ಲಿ ಎಣಿಸುವಾಗ ಮನೆಗಳ ಅಗಲ ಒಂದೇ ಅಲ್ಲವಾದ್ದರಿಂದ ಮಾಡಬೇಕಿದ್ದ ಒಂದು ತಿದ್ದುಪಡಿ ಹಳೆಯ ವಿಶ್ಲೇಷಣೆಯಲ್ಲಿ ಬಿಟ್ಟುಹೋಗಿದೆ, ಅದರಿಂದ ಒದೆತಗಳು ಇರುವುದಕ್ಕಿಂತ ಜೋರಾಗಿ ಕಂಡಿವೆ ಎಂಬುದು ಅವರ ವಾದ.

ಹಸ್ತಪ್ರತಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಓದುವಾಗ ಮೈ ಜುಮ್ಮೆನ್ನದಿರದು. ಒಂದು ಅಕ್ಷರ ಬಿಟ್ಟುಹೋದ ಓಲೆಯಿಂದ ತಲೆಮಾರುಗಳ ಪಾಠ ಹೊರಟ ಹಾಗೆ. ಗಮನಿಸಬೇಕಾದ ಇನ್ನೊಂದು ಸಂಗತಿ: ಇದನ್ನು ಹೇಳಿದವರಲ್ಲಿ ಒಬ್ಬರು ನಕಲುಗಳ ಪೈಕಿ ಒಂದನ್ನು ಕಟ್ಟಿದ ಗುಂಪಿನ ಮುಖ್ಯಸ್ಥರೇ. ತಾನು ಬಳಸಿದ ಸಂಖ್ಯೆಯ ಮೂಲಕ್ಕೆ ಹೋಗಿ ನೋಡುವ ಈ ಅಭ್ಯಾಸವನ್ನು ಪಾಠನಿಷ್ಠೆ ಎನ್ನದೆ ಬೇರೆ ಹೆಸರಿನಿಂದ ಕರೆಯಲಾರೆ.

ಮೂರನೆಯ ಜಾಗ ಎಲ್ಲಕ್ಕಿಂತ ಕಠಿಣವಾದದ್ದು. ಉಬ್ಬಿದ ನಕ್ಷತ್ರವೊಂದು ತಡೆಯಿಲ್ಲದೆ ಸುರಿಯತೊಡಗಿದರೆ ಜೊತೆಗಾರ ಅದನ್ನು ಅರಗಿಸಿಕೊಳ್ಳಲಾರದು. ಎರಡೂ ಒಂದೇ ಅನಿಲದ ಹೊದಿಕೆಯೊಳಗೆ ಸಿಕ್ಕಿಕೊಂಡು ಸುತ್ತುತ್ತ ಹತ್ತಿರವಾಗುತ್ತವೆ. ಪೋಲೆಂಡಿನ ಬೋದನ್ ಪಚಿನ್ಸ್ಕಿ 1976ರಲ್ಲಿ ಈ ಜಂಟಿ ಹೊದಿಕೆಯ ಕಲ್ಪನೆಯನ್ನು ಮುಂದಿಟ್ಟರು. ಆ ಹಂತದ ನಿಜವಾದ ಭೌತಶಾಸ್ತ್ರ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಕೋಡಿನಲ್ಲಿ ಅದರ ಜಾಗದಲ್ಲಿ ಎರಡು ಗ್ರೀಕ್ ಅಕ್ಷರಗಳಿವೆ. ಕಕ್ಷೆ ಕುಗ್ಗಿ ಬಿಡುಗಡೆಯಾದ ಶಕ್ತಿಯಲ್ಲಿ ಎಷ್ಟು ಪಾಲು ಹೊದಿಕೆಯನ್ನು ಕಿತ್ತೊಗೆಯಲು ಬಳಕೆಯಾಯಿತು ಎಂಬುದಕ್ಕೆ ಆಲ್ಫಾ. ಹೊದಿಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ ಎಂಬುದಕ್ಕೆ ಲ್ಯಾಂಬ್ಡಾ. ಆಲ್ಫಾ 1ನ್ನು ಮೀರಿದರೆ ಕಕ್ಷೆಯಿಂದ ಬಂದದ್ದಕ್ಕಿಂತ ಹೆಚ್ಚು ಶಕ್ತಿ ಖರ್ಚಾಯಿತೆಂದು ಅರ್ಥ, ಬೇರೆಲ್ಲಿಂದಲೋ ಸಾಲ ಬಂದಿರಬೇಕು. ಆದರೂ ಹಾಗೆ ಇಟ್ಟು ಬರೆದ ಲೇಖನಗಳು ಸಾಕಷ್ಟಿವೆ. ಈ ಎರಡು ಅಕ್ಷರಗಳನ್ನು ಸ್ವಲ್ಪ ಅಲುಗಿಸಿದರೆ ಡಿಕ್ಕಿಗಳ ಸಂಖ್ಯೆ ಹತ್ತಾರು ಪಟ್ಟು ಏರಿಳಿಯುತ್ತದೆ. ಲೈಗೋ ಗುಂಪು 2010ರಲ್ಲಿ ಪ್ರಕಟಿಸಿದ ಮುನ್ಸೂಚನೆಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಕನಿಷ್ಠ ಅಂದಾಜಿಗೂ ಗರಿಷ್ಠ ಅಂದಾಜಿಗೂ ಸಾವಿರ ಪಟ್ಟು ಅಂತರವಿತ್ತು. ಆ ಅಗಲದ ಹಿಂದಿದ್ದ ಕಾರಣಗಳಲ್ಲಿ ಈ ಅಕ್ಷರಗಳೂ ಸೇರಿವೆ.

ಈ ಅಕ್ಷರಗಳನ್ನು ಕಂಡು ನಗುವವರಿದ್ದಾರೆ. 'ಗೊತ್ತಿಲ್ಲದ್ದಕ್ಕೆ ಗ್ರೀಕ್ ಹೆಸರಿಟ್ಟರೆ ವಿಜ್ಞಾನವಾಯಿತೇ' ಎಂದು ಕೇಳುತ್ತಾರೆ. ನನಗೆ ಇಲ್ಲಿ ಕಾಣುವುದು ಪ್ರಾಮಾಣಿಕತೆ. ಓಲೆ ಮುರಿದ ಜಾಗದಲ್ಲಿ ಒಳ್ಳೆಯ ಸಂಪಾದಕ ಚುಕ್ಕಿಗಳನ್ನಿಟ್ಟು 'ಇಲ್ಲಿ ಗ್ರಂಥಪಾತವಿದೆ' ಎನ್ನುತ್ತಾನೆ. ತಾನೇ ಪದ್ಯ ಕಟ್ಟಿ ತುಂಬುವುದಿಲ್ಲ. ಆಲ್ಫಾ ಅಂಥ ಚುಕ್ಕಿ. ತೊಂದರೆ ಇರುವುದು ಅಕ್ಷರದಲ್ಲಲ್ಲ, ಅದರ ಮುಂದೆ ಕೂರುವ ಡಿಫಾಲ್ಟ್ ಸಂಖ್ಯೆಯಲ್ಲಿ. ಖಾಲಿ ಬಿಟ್ಟ ಜಾಗ ಓದುಗನನ್ನು ನಿಲ್ಲಿಸುತ್ತದೆ, ಮೊದಲೇ ತುಂಬಿಟ್ಟ ಜಾಗ ನಿಲ್ಲಿಸುವುದಿಲ್ಲ. ಅವಸರದ ಬಳಕೆದಾರ ಆ ಪಟ್ಟಿಯನ್ನು ತೆರೆಯದೆಯೇ ಪ್ರೋಗ್ರಾಮ್ ಓಡಿಸಿ ಗ್ರಾಫ್ ಬಿಡಿಸಬಹುದು. ಗ್ರಾಫಿನಲ್ಲಿ ಚುಕ್ಕಿಗಳು ಕಾಣುವುದಿಲ್ಲ.

ಈ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸವೂ ನಡೆದಿದೆ. ಸಿಲ್ವಿಯಾ ಟೋನನ್ ಮತ್ತು ಸಂಗಡಿಗರು 2014ರಲ್ಲಿ ನಾಲ್ಕು ಪ್ರೋಗ್ರಾಮುಗಳನ್ನು ಹೋಲಿಸಿದರು: ಬೈನರಿ-ಸಿ, ಸೆಬಾ, ಸ್ಟಾರ್‌ಟ್ರ್ಯಾಕ್, ಮತ್ತು ಬ್ರಸೆಲ್ಸಿನದೊಂದು. ಎಲ್ಲದರಲ್ಲೂ ಊಹೆಗಳನ್ನು ಸಾಧ್ಯವಾದಷ್ಟು ಒಂದೇ ಮಾಡಿದಾಗ ಶ್ವೇತಕುಬ್ಜ ಜೋಡಿಗಳ ವಿಷಯದಲ್ಲಿ ಫಲಿತಾಂಶಗಳೂ ಹತ್ತಿರ ಬಂದವು. ವ್ಯತ್ಯಾಸ ಹುಟ್ಟುವುದು ಗಣಿತದ ತಪ್ಪುಗಳಿಂದಲ್ಲ, ಒಳಗೆ ಇಟ್ಟ ಊಹೆಗಳಿಂದ ಎಂದು ಅವರು ತೋರಿಸಿದರು. ಇದು ದೊಡ್ಡ ಉಪಕಾರ. ನಕಲು ಮಾಡಿದವರು ಕೈತಪ್ಪಿಲ್ಲ ಎಂಬ ಭರವಸೆ ಸಿಕ್ಕಿತು. ಆದರೆ ಈ ಫಲಿತಾಂಶದಿಂದ ಸಿಗದ ಭರವಸೆಯೊಂದಿದೆ. ನಾಲ್ಕರಲ್ಲಿ ಮೂರರ ಒಳಗೆ ಹರ್ಲಿಯ ಸೂತ್ರಗಳ ಬೇರು ಇದೆ. ಬ್ರಸೆಲ್ಸಿನದು ಮಾತ್ರ ಬೇರೆ ಮನೆತನ. ನಕಲುಗಳು ತಾಳೆಯಾದರೆ ನಕಲು ಚೆನ್ನಾಗಿದೆ ಎಂದಷ್ಟೇ ತಿಳಿಯುತ್ತದೆ. ಆಕಾಶಕ್ಕೂ ಮಾತೃಕೆಗೂ ತಾಳೆಯಿದೆಯೇ ಎಂಬುದು ಬೇರೆ ಪ್ರಶ್ನೆ.

ಇಲ್ಲಿ ನನ್ನ ಹೋಲಿಕೆ ಕುಂಟುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಓಲೆಗರಿಯ ಸಂಪಾದಕ ಹುಡುಕುವುದು ಕಳೆದುಹೋದ ಕವಿಪಾಠವನ್ನು. ಇಲ್ಲಿ ಮಾತೃಕೆ ಕಳೆದಿಲ್ಲ. 2000ದ ಲೇಖನವೂ ಕೋಡೂ ಕೈಯಲ್ಲೇ ಇವೆ. ಹುಡುಕಬೇಕಾದ ಮೂಲ ಪಠ್ಯದ ಹೊರಗೆ, ಆಕಾಶದಲ್ಲಿದೆ. ಆದ್ದರಿಂದ ಬೇಕಾದದ್ದು ಎರಡು: ಮಾತೃಕೆಗೆ ಸಂಬಂಧವಿಲ್ಲದ ಇನ್ನೊಂದು ಪರಂಪರೆಯ ಪ್ರತಿ, ಮತ್ತು ಶಾಸನದಂಥ ಬಾಹ್ಯ ಪ್ರಮಾಣ.

ಇನ್ನೊಂದು ಪರಂಪರೆಯನ್ನು ಕಟ್ಟಿದವರು ಬಿಲ್ ಪ್ಯಾಕ್ಸ್‌ಟನ್. ಅವರು ವೃತ್ತಿಯಿಂದ ಖಗೋಳಜ್ಞರಲ್ಲ. ಅಡೋಬಿ ಕಂಪನಿಯಲ್ಲಿ ಪೋಸ್ಟ್‌ಸ್ಕ್ರಿಪ್ಟ್ ರೂಪಿಸಿದವರಲ್ಲಿ ಒಬ್ಬರು. ನಾವು ದಿನವೂ ತೆರೆಯುವ ಪಿಡಿಎಫ್ ಕಡತದ ಪೂರ್ವಜ ಅದು. ಆ ಕೆಲಸದಿಂದ ಹೊರಬಂದ ಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಕ್ಷತ್ರಗಳ ಕಡೆ ತಿರುಗಿದರು. 2011ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ 'ಮೆಸಾ' ನಕ್ಷತ್ರವನ್ನು ಪದರಪದರವಾಗಿ ಪೂರ್ತಿ ಬಿಡಿಸುವ ಮುಕ್ತ ತಂತ್ರಾಂಶ. 2015ರ ಲೇಖನದಲ್ಲಿ ಜೋಡಿ ನಕ್ಷತ್ರಗಳೂ ಬಂದವು. ಮೆಸಾದ ಮೊದಲ ಲೇಖನದ ಜೊತೆಗೇ ಒಂದು ಪ್ರಣಾಳಿಕೆ ಇದೆ. ಇದನ್ನು ಬಳಸುವವರು ತಮ್ಮ ಫಲಿತಾಂಶವನ್ನು ಬೇರೆಯವರು ಮತ್ತೆ ಮಾಡಿ ನೋಡಲು ಬೇಕಾದದ್ದನ್ನೆಲ್ಲ ಬಹಿರಂಗಪಡಿಸಬೇಕೆಂದು ಅದು ಕೇಳುತ್ತದೆ. ಕಾನೂನಿನ ಪರವಾನಗಿಗಿಂತ ಈ ಕೋರಿಕೆ ದೊಡ್ಡದೆಂದು ನನ್ನ ಭಾವನೆ. ಪರವಾನಗಿ ಕೋಡನ್ನು ತೆರೆಯುತ್ತದೆ. ಈ ಕೋರಿಕೆ ಕೋಡಿಗೆ ನೀವು ಕೊಟ್ಟ ಸಂಖ್ಯೆಗಳನ್ನೂ ತೆರೆಯಲು ಹೇಳುತ್ತದೆ.

ಮೆಸಾದ ಲೆಕ್ಕಗಳನ್ನು ಸಾಲಾಗಿ ಮಾಡಿಟ್ಟುಕೊಂಡು, ಅವುಗಳ ಆಧಾರದ ಮೇಲೆ ಲಕ್ಷಾಂತರ ಜೋಡಿಗಳನ್ನು ಓಡಿಸುವ 'ಪೊಸೈಡನ್' ಎಂಬ ಯೋಜನೆಯನ್ನು ಟಾಸೊಸ್ ಫ್ರಾಗೊಸ್, ವಿಕಿ ಕಾಲೊಗೆರಾ ಮತ್ತು ಸಂಗಡಿಗರು ಕಟ್ಟಿ 2023ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು 2021ರಲ್ಲಿ ಮೋನಿಕಾ ಗಾಯೆಗೋಸ್ ಗಾರ್ಸಿಯಾ ಮತ್ತು ಸಂಗಡಿಗರು ಕಾಸ್ಮಿಕ್ ಮತ್ತು ಮೆಸಾವನ್ನು ಎದುರುಬದುರು ಇಟ್ಟರು. ಸೂತ್ರಗಳ ಪರಂಪರೆ ಜಂಟಿ ಹೊದಿಕೆಯ ದಾರಿಯಿಂದ ಕಪ್ಪುಕುಳಿ ಡಿಕ್ಕಿಗಳನ್ನು ಧಾರಾಳವಾಗಿ ಹುಟ್ಟಿಸುವ ಕಡೆಗಳಲ್ಲಿ, ಪೂರ್ಣ ಲೆಕ್ಕದಲ್ಲಿ ಎಷ್ಟೋ ಜೋಡಿಗಳು ಆ ದಾರಿ ಹಿಡಿಯುವುದೇ ಇಲ್ಲ. ದ್ರವ್ಯ ನಿಧಾನವಾಗಿ, ಹದವಾಗಿ ಹರಿದು ಮುಗಿಯುತ್ತದೆ, ಒಟ್ಟು ಡಿಕ್ಕಿಗಳೂ ಕಡಿಮೆಯಾಗುತ್ತವೆ. ಆರನೆಯ ಪ್ರತಿ ಬೇರೆ ಪಾಠ ಕೊಟ್ಟ ಗಳಿಗೆ ಅದು. ಐದರ ಬಹುಮತಕ್ಕೆ ಅಂಟಿಕೊಂಡಿದ್ದರೆ ಇದು ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತು.

ಹಾಗೆಂದು ಆರನೆಯದು ಪೂರ್ತಿ ಸ್ವತಂತ್ರವೆಂದೂ ಹೇಳುವಂತಿಲ್ಲ. ಒಂದು ನಕ್ಷತ್ರ ಎಷ್ಟು ಉಬ್ಬಿದರೆ ಸುರಿಯತೊಡಗುತ್ತದೆ ಎಂಬ ಗಡಿಯನ್ನು ಹೇಳುವ ಸೂತ್ರ ಬಿಎಸ್‌ಇಯಲ್ಲೂ ಮೆಸಾದಲ್ಲೂ ಒಂದೇ: 1983ರಲ್ಲಿ ಎಗಲ್‌ಟನ್ ಕೊಟ್ಟದ್ದು. ಪ್ಯಾಕ್ಸ್‌ಟನ್ ಅವರ ಮೊದಲ ಹೆಜ್ಜೆ ಕೂಡ ಎಗಲ್‌ಟನ್ ಪ್ರೋಗ್ರಾಮನ್ನು ಸುಲಭವಾಗಿ ಓದುವಂತೆ ಬರೆದು 2004ರಲ್ಲಿ ಪ್ರಕಟಿಸಿದ 'ಈಜಿ'. ಎರಡು ಮನೆತನಗಳಿಗೂ ಹಿಂದೆ ಎಲ್ಲೋ ಒಬ್ಬ ಅಜ್ಜನಿದ್ದಾನೆ. ಆದರೆ ಹಂಚಿಕೊಂಡದ್ದೆಲ್ಲ ಅನುಮಾನಕ್ಕೆ ಯೋಗ್ಯವೆಂದಲ್ಲ. ಎಗಲ್‌ಟನ್ನರ ಆ ಸೂತ್ರ ನಿಖರ ಲೆಕ್ಕಕ್ಕೆ ಶೇ 1ರೊಳಗೆ ಹೊಂದುತ್ತದೆ, ಯಾರು ಬೇಕಾದರೂ ಪರೀಕ್ಷಿಸಬಹುದು. ಪರೀಕ್ಷೆಯಾಗಿ ಬಂದ ಪಿತ್ರಾರ್ಜಿತ ಬೇರೆ, ಪರೀಕ್ಷೆಯಾಗದೆ ಉಳಿದ ಪಿತ್ರಾರ್ಜಿತ ಬೇರೆ. ವಿಮರ್ಶೆ ಮಾಡಬೇಕಾದ ಕೆಲಸ ಇವೆರಡನ್ನು ಬೇರ್ಪಡಿಸುವುದು.

ಬಾಹ್ಯ ಪ್ರಮಾಣದ ಒಂದು ತುಣುಕು ಬೆಂಗಳೂರಿನಿಂದ ಬಂದಿದೆ. ಹಳೆಯ ನಕ್ಷತ್ರಗುಚ್ಛಗಳಲ್ಲಿ ಒಡಹುಟ್ಟಿದವರೆಲ್ಲ ಮುಪ್ಪಾದರೂ ಕೆಲವು ಮಾತ್ರ ನೀಲಿಯಾಗಿ, ಹರೆಯದಂತೆ ಹೊಳೆಯುತ್ತವೆ. ಜೊತೆಗಾರನ ದ್ರವ್ಯ ಪಡೆದು ಹೊಸ ಹರೆಯ ಬಂದಿರಬೇಕೆಂಬುದು ಒಂದು ವಿವರಣೆ. ಹಾಗಾದರೆ ಕೊಟ್ಟು ಬರಿದಾದ ಜೊತೆಗಾರ ಪಕ್ಕದಲ್ಲೇ ಎಲ್ಲೋ ಸಿಗಬೇಕು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ನೇರಳಾತೀತ ದೂರದರ್ಶಕ ಯುವಿಐಟಿಯನ್ನು ರೂಪಿಸುವಲ್ಲಿ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು 2016ರಲ್ಲಿ ಇದರ ಮೂಲಕ ಎನ್‌ಜಿಸಿ 188 ಎಂಬ ಗುಚ್ಛದ ಒಂದು ನೀಲಿ ನಕ್ಷತ್ರದ ಬಳಿ ಸುಮಾರು 17,000 ಕೆಲ್ವಿನ್ ಉಷ್ಣತೆಯ ಜೊತೆಗಾರನನ್ನು ಗುರುತಿಸಿದರು. ಹೊರಪದರ ಕಳೆದುಕೊಂಡು ಬಿಸಿ ಒಡಲು ಮಾತ್ರ ಉಳಿದ ಹಿರಿಯ ಅದು. ಆಲ್ಗಾಲ್ ಕಥೆಯ ಮುಂದಿನ ಅಧ್ಯಾಯ ಹೀಗೆ ಕಣ್ಣಿಗೆ ಸಿಗುತ್ತದೆ. ಇಂಥ ಒಂದೊಂದು ಜೋಡಿಯೂ, ಯಾವ ಪ್ರೋಗ್ರಾಮಿಗೂ ಋಣಿಯಲ್ಲದ ಸಾಕ್ಷಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ನಮ್ಮ ವಿಭಾಗಗಳಲ್ಲಿ ಗ್ರಂಥಸಂಪಾದನೆಯನ್ನು ಹಳೆಯ, ಮುಗಿದ ಶಾಸ್ತ್ರವೆಂದು ಪಠ್ಯಕ್ರಮದ ಅಂಚಿಗೆ ಸರಿಸುತ್ತಿದ್ದೇವೆ. ಅದೇ ಹೊತ್ತಿಗೆ ಜಗತ್ತಿನ ಬಹಳಷ್ಟು ತಿಳಿವಳಿಕೆ ನಕಲಾಗುತ್ತ, ತಿದ್ದಲಾಗುತ್ತ ಸಾಗುವ ಕೋಡಿನ ಪಠ್ಯಗಳಿಗೆ ಇಳಿಯುತ್ತಿದೆ. ಆ ಪಠ್ಯಗಳನ್ನು ಬರೆಯುವವರು ಹೆಚ್ಚುತ್ತಿದ್ದಾರೆ, ಓಡಿಸುವವರು ಇನ್ನೂ ಹೆಚ್ಚುತ್ತಿದ್ದಾರೆ. ಕೂತು ಓದುವವರು ಕಡಿಮೆ. ಕೋಡನ್ನು ಮುಕ್ತವಾಗಿಡುವುದು ಗ್ರಂಥಭಂಡಾರದ ಬಾಗಿಲು ತೆರೆದಿಟ್ಟಂತೆ. ಬಾಗಿಲು ತೆರೆದ ಮಾತ್ರಕ್ಕೆ ಓಲೆಗಳು ಓದಿಸಿಕೊಳ್ಳುವುದಿಲ್ಲ. ಮುಚ್ಚಿದ ಭಂಡಾರದಲ್ಲಿ ತಪ್ಪು ಉಳಿದರೆ ದೂರಬಹುದು. ತೆರೆದ ಭಂಡಾರದಲ್ಲಿ ಇಪ್ಪತ್ತು ವರ್ಷ ಉಳಿದರೆ ಓದುಗರಾದ ನಾವೇ ಉತ್ತರ ಹೇಳಬೇಕು.

ಹಳೆಯ ಲಿಪಿಕಾರರು ಪ್ರತಿ ಮುಗಿಸುವಾಗ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುವ ವಾಡಿಕೆ ಇತ್ತು. ಕಾಂಪಾಸ್ ಕೋಡಿನ ಜೊತೆ ಬದಲಾವಣೆಗಳನ್ನು ದಾಖಲಿಸುವ ಒಂದು ಕಡತವಿದೆ. ಆವೃತ್ತಿಯ ಸಂಖ್ಯೆ, ದಿನಾಂಕ, ತಿದ್ದಿದವರ ಹೆಸರಿನ ಮೊದಲಕ್ಷರಗಳು, ಯಾವ ದೋಷ ಏನಾಗಿತ್ತು, ಹೇಗೆ ಸರಿಹೋಯಿತು ಎಂಬ ಒಂದೆರಡು ಸಾಲು. ಹೀಗೆ ಸಾಗುತ್ತಲೇ ಇದೆ. ನಾನು ಓದಿದ ಕೋಡುಗಳಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಲಿಪಿಕಾರನ ಕೋರಿಕೆಗೆ ಸಿಕ್ಕ ಉತ್ತರಗಳು ಅಲ್ಲಿ ತಾರೀಖಿನ ಸಮೇತ ಕೂತಿವೆ. ಮುಂದೆ ಎಲ್ಲಾದರೂ 'ಕಂಪ್ಯೂಟರ್ ಮಾದರಿಗಳು ಒಮ್ಮತದಿಂದ ತೋರಿಸಿವೆ' ಎಂಬ ಸುದ್ದಿ ಕಂಡರೆ, ಅದು ನಕ್ಷತ್ರದ್ದಾಗಲಿ ಮಳೆಯದ್ದಾಗಲಿ, ಎಷ್ಟು ಮಾದರಿ ಎಂದು ಕೇಳಿ ಸುಮ್ಮನಾಗಬಾರದು. ಅವು ಯಾವ ಮಾತೃಕೆಯ ಪ್ರತಿಗಳು, ಪಟ್ಟಿಯಲ್ಲಿ ಯಾವ ಸಂಖ್ಯೆಗಳಿದ್ದವು, ಆ ಸಂಖ್ಯೆಗಳನ್ನು ಮೊದಲು ಹೇಳಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಇವನ್ನು ಕೇಳಲು ಫೋರ್‌ಟ್ರಾನ್ ಬರಬೇಕಾಗಿಲ್ಲ.